ಪದವಿಯ ನಿಯಮ ಬದಲಾಯಿತು, ಮಕ್ಕಳಿಗೆ ಹೇಳುವವರು ಯಾರು?

ಮೂರು ವರ್ಷ ತುಂಬುವುದರೊಳಗೆ ನಮ್ಮ ರಾಜ್ಯದ ಪದವಿ ಶಿಕ್ಷಣದ ಚೌಕಟ್ಟನ್ನು ಎರಡು ಸಲ ಕಿತ್ತು ಕಟ್ಟಲಾಯಿತು. 2021ರ ಆಗಸ್ಟ್ 7ರ ಆದೇಶದಿಂದ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಬಂದಿತು. 2024ರ ಮೇ 8ರ ಆದೇಶದಿಂದ ಅದು ಹೋಗಿ, ಹಿಂದಿದ್ದ ಮೂರು ವರ್ಷದ ಪದವಿಯೇ ಮರಳಿತು. ಆ ನೀತಿ ಒಳ್ಳೆಯದೋ ಈ ನೀತಿ ಒಳ್ಳೆಯದೋ ಎಂದು ಬೆಂಗಳೂರು ಮತ್ತು ದೆಹಲಿಗಳಲ್ಲಿ ಬೇಕಾದಷ್ಟು ವಾದವಾಯಿತು, ಪತ್ರಿಕೆಗಳ ತುಂಬ ಹೇಳಿಕೆಗಳು ಬಂದವು. ಆದರೆ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವನ ಮಗಳು, ಹರಿಹರದ ಸಂತೆಯಲ್ಲಿ ಬಟ್ಟೆಯ ಗಂಟು ಬಿಚ್ಚಿ ಕೂರುವವನ ಮಗ, ತಾನು ಸೇರಿರುವ ಪದವಿ ಯಾವ ನಿಯಮದ್ದು, ಅದರಿಂದ ಮುಂದೆ ಏನು ಸಿಕ್ಕುತ್ತದೆ ಎಂದು ಯಾರನ್ನು ಕೇಳಬೇಕು? ಈ ಪ್ರಶ್ನೆಗೆ ಎರಡೂ ಆದೇಶಗಳಲ್ಲಿ ಉತ್ತರವಿಲ್ಲ. ಇಂದು ನಾವು ಎತ್ತಿಕೊಂಡಿರುವ ವಿಷಯ ಇದೇ.

ಮೊದಲು ಏನಾಯಿತೆಂಬುದನ್ನು ತಿಳಿಯಪಡಿಸಬೇಕಾಗಿದೆ, ಏಕೆಂದರೆ ನಮ್ಮ ಓದುಗರಲ್ಲಿ ಅನೇಕರಿಗೆ ತಮ್ಮ ಮನೆಯ ಮಗು ಯಾವ ಕ್ರಮದಲ್ಲಿ ಓದುತ್ತಿದೆ ಅಥವಾ ಓದಿ ಮುಗಿಸಿದೆ ಎಂಬುದೇ ಗೊತ್ತಿಲ್ಲ. 2020-21ರವರೆಗೆ ಕಾಲೇಜು ಸೇರಿದವರದು ಹಳೆಯ ಕ್ರಮ. 2021-22, 2022-23, 2023-24 ಈ ಮೂರು ವರ್ಷಗಳಲ್ಲಿ ಸೇರಿದವರದು ರಾಷ್ಟ್ರೀಯ ನೀತಿಯ ಕ್ರಮ. ಅದರಲ್ಲಿ ಬಿ.ಎ., ಬಿ.ಎಸ್‌ಸಿ. ವಿದ್ಯಾರ್ಥಿಗಳಿಗೆ ಮೂರರ ಬದಲು ಎರಡು ಮುಖ್ಯ ವಿಷಯಗಳು, ಜೊತೆಗೆ ಬೇರೆ ವಿಭಾಗದಿಂದ ಆರಿಸಿಕೊಳ್ಳುವ ಒಂದು ಮುಕ್ತ ವಿಷಯ, ಕೌಶಲದ ಪತ್ರಿಕೆಗಳು. ಒಂದು ವರ್ಷ ಓದಿ ಬಿಟ್ಟರೆ ಸರ್ಟಿಫಿಕೇಟು, ಎರಡು ವರ್ಷಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್. 2024-25ರಿಂದ ಸೇರಿದವರದು ಮೂರನೆಯ ಕ್ರಮ. ಮೂರು ಮುಖ್ಯ ವಿಷಯಗಳ ಪದ್ಧತಿ ಮರಳಿತು, ನಡುವೆ ಬಿಟ್ಟುಹೋಗುವವರಿಗೆ ಸರ್ಟಿಫಿಕೇಟು ಕೊಡುವ ಏರ್ಪಾಡು ಹೋಯಿತು. ಹಿಂದಿನ ಮೂರು ತಂಡಗಳವರು ತಾವು ಸೇರಿದ ಕ್ರಮದಲ್ಲಿಯೇ ಮುಗಿಸತಕ್ಕದ್ದು, ಇಷ್ಟವಿದ್ದವರು ನಾಲ್ಕನೆಯ ವರ್ಷ ಓದಬಹುದು ಎಂದಾಯಿತು.

ಒಂದೇ ಕಾಲೇಜಿನ ಒಂದೇ ಕಟ್ಟಡದಲ್ಲಿ, ಒಬ್ಬನೇ ಅಧ್ಯಾಪಕನ ಮುಂದೆ ಮೂರು ಕಾನೂನುಗಳ ಮಕ್ಕಳು. ಹಳೆಯ ಕ್ರಮದಲ್ಲಿ ಒಂದು ಪತ್ರಿಕೆ ಉಳಿಸಿಕೊಂಡವನು, ರಾಷ್ಟ್ರೀಯ ನೀತಿಯಲ್ಲಿ ನಾಲ್ಕನೆಯ ವರ್ಷ ಓದಲೋ ಬಿಡಲೋ ಎಂದು ತೊಳಲುವವನು, ಹೊಸ ಕ್ರಮಕ್ಕೆ ಅರ್ಜಿ ಹಿಡಿದು ಬಂದವನು. ಮೂವರಿಗೂ ಮೂರು ಬಗೆಯ ಉತ್ತರ ಕೊಡಬೇಕು. ತಪ್ಪಿ ಒಬ್ಬನ ಉತ್ತರವನ್ನು ಇನ್ನೊಬ್ಬನಿಗೆ ಹೇಳಿದರೆ ಆ ಹುಡುಗನ ಒಂದು ವರ್ಷ ಹೋಯಿತು.

ಇದು ನಡೆದ ರೀತಿಯನ್ನಾದರೂ ನೋಡಿ. 2021ರಲ್ಲಿ ಆಗಸ್ಟ್ ತಿಂಗಳ ಆದೇಶವನ್ನು ಅದೇ ಸಾಲಿನ ಪ್ರವೇಶದಿಂದಲೇ ಜಾರಿಗೆ ತಂದರು. ದೇಶದಲ್ಲಿ ನಾವೇ ಮೊದಲು ಎಂಬ ಹೆಗ್ಗಳಿಕೆ ಆಗಿನ ಸರ್ಕಾರಕ್ಕೆ ಬೇಕಾಗಿತ್ತು. 2024ರಲ್ಲಿ ದ್ವಿತೀಯ ಪಿಯುಸಿ ಫಲಿತಾಂಶ ಏಪ್ರಿಲ್ 10ಕ್ಕೇ ಬಂದಿತ್ತು. ಪದವಿ ಎಷ್ಟು ವರ್ಷದ್ದು ಎಂಬ ಆದೇಶ ಹೊರಟದ್ದು ಅದಾಗಿ ನಾಲ್ಕು ವಾರಗಳ ಮೇಲೆ. ಫಲಿತಾಂಶದ ಮರುದಿನವೇ ಕಾಲೇಜಿನ ಬಾಗಿಲಿಗೆ ಹೋದ ತಂದೆತಾಯಿಗಳಿಗೆ, ನಿಮ್ಮ ಮಗ ಮೂರು ವರ್ಷ ಓದಬೇಕೋ ನಾಲ್ಕೋ ಎಂದು ಖಚಿತವಾಗಿ ಹೇಳಬಲ್ಲವರು ಈ ರಾಜ್ಯದಲ್ಲಿ ಯಾರೂ ಇರಲಿಲ್ಲ. ಆಳುವ ಪಕ್ಷ ಬದಲಾಯಿತು, ನೀತಿ ಬದಲಾಯಿತು, ಆತುರ ಮಾತ್ರ ಬದಲಾಗಲಿಲ್ಲ. ಕೋಣ ಕೋಣಗಳ ಜಗಳದಲ್ಲಿ ಗಿಡಕ್ಕೆ ಬಂತು ಕೇಡು ಎಂಬ ಗಾದೆಯನ್ನು ಎರಡೂ ಸರ್ಕಾರಗಳಿಗೆ ಸಮನಾಗಿ ಹಂಚಬಹುದು.

ಎರಡು ನೀತಿಗಳಲ್ಲಿ ಯಾವುದು ಮೇಲು ಎಂದು ನಮ್ಮನ್ನು ಕೇಳಿದರೆ, ಮೂರು ವರ್ಷದ ಪದವಿ ಮರಳಿದ್ದು ದುಡಿಯುವವರ ಮಕ್ಕಳಿಗೆ ಒಳ್ಳೆಯದೇ ಎಂದು ನಾವು ಹೇಳುತ್ತೇವೆ. ಒಂದು ವರ್ಷಕ್ಕೆ ಸರ್ಟಿಫಿಕೇಟು, ಎರಡಕ್ಕೆ ಡಿಪ್ಲೊಮಾ ಎಂಬುದು ಕೇಳಲು ಸೊಗಸು. ಆದರೆ ಮನೆಯಲ್ಲಿ ಕಷ್ಟ ಬಂದಾಗ ಆ ಬಾಗಿಲಿನಿಂದ ಹೊರಗೆ ಬರುವವನು ಗಿರಣಿಯ ಯಜಮಾನನ ಮಗನಲ್ಲ, ಅದೇ ಗಿರಣಿಯ ಹಮಾಲನ ಮಗ. ಮೊದಲೆಲ್ಲ ಕಾಲೇಜು ಬಿಟ್ಟನೆಂದು ಊರು ಮರುಗುತ್ತಿತ್ತು, ಈಗ ಸರ್ಟಿಫಿಕೇಟು ತಂದನೆಂದು ಸಮಾಧಾನಪಟ್ಟುಕೊಳ್ಳಬೇಕು. ಇಷ್ಟಾದರೂ, ಹುಡುಗ ತಿಳಿದು ಆರಿಸಿಕೊಂಡಿದ್ದರೆ ಆ ನೀತಿಯಲ್ಲಿಯೂ ಲಾಭವಿತ್ತು. ನಾಲ್ಕು ವರ್ಷ ಓದಿ ಶೇಕಡಾ 75 ಅಂಕ ಪಡೆದವನು ಎಂ.ಎ., ಎಂ.ಎಸ್‌ಸಿ. ಇಲ್ಲದೆಯೇ ನೇರವಾಗಿ ಯುಜಿಸಿ ನೆಟ್ ಪರೀಕ್ಷೆಗೂ ಪಿಎಚ್.ಡಿ.ಗೂ ಅರ್ಜಿ ಹಾಕಬಹುದೆಂದು 2024ರ ಏಪ್ರಿಲ್‌ನಲ್ಲಿ ಯುಜಿಸಿಯ ಅಧ್ಯಕ್ಷರು ತಿಳಿಸಿದರು. ನಾಲ್ಕು ವರ್ಷ ಮುಗಿಸಿದವರಿಗೆ ಸ್ನಾತಕೋತ್ತರ ಪದವಿಯನ್ನು ಒಂದೇ ವರ್ಷಕ್ಕೆ ಇಳಿಸುವ ಚೌಕಟ್ಟನ್ನೂ ಅದೇ ವರ್ಷ ಜೂನ್‌ನಲ್ಲಿ ಪ್ರಕಟಿಸಿದರು. ನಮ್ಮ ಜಿಲ್ಲೆಯ ಎಷ್ಟು ಮಕ್ಕಳಿಗೆ, ಮೂರನೆಯ ವರ್ಷದ ಪರೀಕ್ಷೆ ಮುಗಿಸಿ ಮನೆಗೆ ಹೊರಡುವ ಮೊದಲು, ಈ ಎರಡು ಸಂಗತಿಗಳನ್ನು ಯಾರಾದರೂ ಕೂರಿಸಿ ಹೇಳಿದರು? ನಾಲ್ಕನೆಯ ವರ್ಷಕ್ಕೆ ಅಧ್ಯಾಪಕರು ಬೇಕು, ಪ್ರಯೋಗಾಲಯ ಬೇಕು, ಎಲ್ಲ ಕಾಲೇಜುಗಳಲ್ಲೂ ಅದು ನಡೆಯದು. ಹಾಗಾದರೆ ಎಲ್ಲಿ ನಡೆಯುತ್ತದೆ, ಅಲ್ಲಿಗೆ ಹೋಗುವುದು ಹೇಗೆ ಎಂದು ತಿಳಿಸುವುದು ಇನ್ನೂ ಅಗತ್ಯವಾಗಿತ್ತು.

ಈಗ ಹೇಳುತ್ತಿರುವವರು ಯಾರು ಎಂಬುದು ನಮ್ಮ ಓದುಗರಿಗೆಲ್ಲ ಗೊತ್ತು. ಸೈಬರ್ ಸೆಂಟರಿನ ಹುಡುಗ! 2021ರಿಂದ ಪ್ರವೇಶ, ಪರೀಕ್ಷೆಯ ಅರ್ಜಿ, ಫಲಿತಾಂಶ ಎಲ್ಲವೂ ಯುಯುಸಿಎಂಎಸ್ ಎಂಬ ಗಣಕ ವ್ಯವಸ್ಥೆಯ ಮೂಲಕ ಆಗಬೇಕೆಂದಾಯಿತು. ಮನೆಯಲ್ಲಿ ಗಣಕಯಂತ್ರವಿಲ್ಲದವನು ಬಸ್ ನಿಲ್ದಾಣದ ಹತ್ತಿರದ ಅಂಗಡಿಗೆ ಹೋಗುತ್ತಾನೆ. ಅಲ್ಲಿ ಸರತಿಯಲ್ಲಿ ಹತ್ತು ಜನ ನಿಂತಿರುತ್ತಾರೆ. ಯಾವ ವಿಷಯಗಳ ಜೋಡಿ ಎಂದು ಕೇಳುತ್ತಾನೆ ಅಂಗಡಿಯ ಹುಡುಗ. ಗೊತ್ತಿಲ್ಲ ಅಣ್ಣ, ಎಲ್ಲರೂ ಏನು ಹಾಕಿಸಿದರೋ ಅದನ್ನೇ ಹಾಕಿ ಎನ್ನುತ್ತಾನೆ ನಮ್ಮವನು. ಒಂದು ಗುಂಡಿ ಒತ್ತಿದಾಗ ಮೂರು ವರ್ಷದ ಓದು ನಿಶ್ಚಯವಾಗುತ್ತದೆ. ಮುಂದೆ ಬಿ.ಎಡ್. ಮಾಡಿ ಮೇಷ್ಟ್ರಾಗಬೇಕೆಂದು ಅರ್ಜಿ ಹಾಕುವಾಗ, ಪದವಿಯಲ್ಲಿ ಯಾವ ಯಾವ ವಿಷಯಗಳನ್ನು ಓದಿದ್ದೀಯೆ ಎಂದು ನೇಮಕಾತಿಯವರು ಕೇಳಿದಾಗಲೇ ಆ ಗುಂಡಿಯ ಬೆಲೆ ತಿಳಿಯುವುದು. ಅಂಗಡಿಯ ಹುಡುಗನನ್ನು ನಾವು ದೂರುವುದಿಲ್ಲ. ಅವನು ತನಗೆ ಬರುವ ನಾಲ್ಕು ಕಾಸಿಗೆ ತಕ್ಕ ಕೆಲಸ ಮಾಡುತ್ತಾನೆ, ಮತ್ತು ಕೆಲವು ಕಡೆ ಸಂಬಳ ಪಡೆಯುವವರಿಗಿಂತ ತಾಳ್ಮೆಯಿಂದಲೇ ಮಾಡುತ್ತಾನೆ.

ಕಾಲೇಜಿನಲ್ಲಿ ಸಲಹೆಗಾರರಿಲ್ಲವೆ ಎಂದು ಕೇಳಬಹುದು. ಕಾಗದದ ಮೇಲೆ ಇದ್ದಾರೆ. ನ್ಯಾಕ್ ತಪಾಸಣೆಯವರು ಬರುವಾಗ ಇಂತಿಷ್ಟು ವಿದ್ಯಾರ್ಥಿಗಳಿಗೆ ಒಬ್ಬ ಮೆಂಟರ್ ಎಂದು ಪಟ್ಟಿ ತಯಾರಾಗುತ್ತದೆ, ಪುಸ್ತಕದಲ್ಲಿ ಸಹಿಗಳು ಬೀಳುತ್ತವೆ. ಆ ಮೆಂಟರ್ ಯಾರು? ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ರಾಜ್ಯದಾದ್ಯಂತ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು ಪಾಠದ ಭಾರ ಹೊತ್ತವರು. 2023ರ ಕೊನೆಯಲ್ಲಿ ಅವರು ಸೇವಾ ಭದ್ರತೆಗಾಗಿ ತರಗತಿ ಬಿಟ್ಟು ಮುಷ್ಕರ ಹೂಡಿದ್ದನ್ನು ಓದುಗರು ಮರೆತಿರಲಾರರು. ಮುಂದಿನ ವರ್ಷ ತಾನೇ ಇರುತ್ತೇನೋ ಇಲ್ಲವೋ ಎಂದು ತಿಳಿಯದವನು ಮೂರು ವರ್ಷದ ಮೇಲೆ ನೀನು ಏನಾಗಬೇಕು ಎಂದು ಇನ್ನೊಬ್ಬನಿಗೆ ಹೇಗೆ ಹೇಳಿಯಾನು? ಗಿರಣಿಯ ಬದಲಿ ಕೆಲಸಗಾರನ ಪಾಡು ಏನೆಂದು ಬಲ್ಲ ಈ ಊರಿಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ. ಕಾಯಂ ಅಧ್ಯಾಪಕರಿಗಾದರೂ ಸಮಯವೆಲ್ಲಿ? ಯುಜಿಸಿಯ 2018ರ ನಿಯಮಗಳು ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆಗಳ ಬೋಧನೆಯನ್ನು ಗೊತ್ತುಮಾಡಿದವು. ಆದರೆ ಮಕ್ಕಳಿಗೆ ಸಲಹೆ ಹೇಳುವ ಗಂಟೆಯನ್ನು ಈ ಲೆಕ್ಕದೊಳಗೆ ಹಿಡಿಯುವ ಪದ್ಧತಿ ನಮ್ಮಲ್ಲಿ ಬೆಳೆಯಲಿಲ್ಲ. ಅದು ಪುರಸತ್ತಿದ್ದಾಗ ಮಾಡುವ ಪುಣ್ಯಕಾರ್ಯವಾಗಿ ಉಳಿದಿದೆ.

ಆರಿಸಿಕೊಳ್ಳುವ ಸ್ವಾತಂತ್ರ್ಯ ಕೊಟ್ಟಾಗ ಹೇಳಿಕೊಡುವವನನ್ನೂ ಕೊಡಬೇಕೆಂಬುದು ಹೊಸ ಮಾತೇನಲ್ಲ. ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಎಲಿಯಟ್ ಎಂಬ ಅಧ್ಯಕ್ಷರು ವಿದ್ಯಾರ್ಥಿಗಳೇ ವಿಷಯಗಳನ್ನು ಆರಿಸಿಕೊಳ್ಳಲಿ ಎಂಬ ಪದ್ಧತಿ ಬೆಳೆಸಿದರು. ಹುಡುಗರು ದಾರಿ ಕಾಣದೆ ಗೊಂದಲಕ್ಕೆ ಬಿದ್ದರು. 1880ರ ದಶಕ ಮುಗಿಯುವ ಹೊತ್ತಿಗೆ ಹೊಸದಾಗಿ ಸೇರಿದವರಿಗೆಂದೇ ಅಧ್ಯಾಪಕರ ಒಂದು ಸಲಹಾ ಮಂಡಳಿಯನ್ನು ಅಲ್ಲಿ ಏರ್ಪಡಿಸಬೇಕಾಯಿತು. ಅದು ಶ್ರೀಮಂತರ ಮಕ್ಕಳು ಓದುವ ಸ್ಥಳ, ಅವರ ಮನೆಗಳಲ್ಲಿ ಓದಿದ ಅಪ್ಪಂದಿರೂ ಚಿಕ್ಕಪ್ಪಂದಿರೂ ಇದ್ದರು. ಅಂಥವರಿಗೇ ಸಲಹೆಗಾರ ಬೇಕಾದರೆ, ಮನೆಯಲ್ಲಿ ಮೊದಲನೆಯದಾಗಿ ಕಾಲೇಜು ಮೆಟ್ಟಲು ಹತ್ತಿದ ನಮ್ಮ ಮಗುವಿಗೆ ಬೇಡವೆ?

ನಮ್ಮ ಊರಿನ ಕಾಲೇಜುಗಳ ಚರಿತ್ರೆಯನ್ನೂ ಇಲ್ಲಿ ನೆನೆಯಬೇಕಾಗಿದೆ. ಹತ್ತಿಯ ಮತ್ತು ಗಿರಣಿಯ ಹಣ ಈ ಊರಿನಲ್ಲಿ ಶಾಲೆ ಕಾಲೇಜುಗಳಾಗಿ ನಿಂತಿತು. ಡಿ.ಆರ್.ಎಂ. ಕಾಲೇಜಿನ ಹೆಸರಿನಲ್ಲಿರುವುದು ಧರ್ಮಪ್ರಕಾಶ ರಾಜನಹಳ್ಳಿ ಮದ್ದೂರಾಯಪ್ಪನವರು. 1951ರಲ್ಲಿ ಆರಂಭವಾದ ಇಂಜಿನಿಯರಿಂಗ್ ಕಾಲೇಜಿನ ಬಿ.ಡಿ.ಟಿ. ಎಂಬ ಮೂರು ಅಕ್ಷರಗಳು ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರದು. ದಾನಿಗಳ ಹೆಸರು ಗೋಡೆಯ ಮೇಲಿದೆ, ಆ ಹಣ ಹುಟ್ಟಲು ರಾಟೆಯ ಮುಂದೆ ನಿಂತವರ ಹೆಸರು ಎಲ್ಲಿಯೂ ಇಲ್ಲ, ಇರಲಿ. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಕಾಟನ್ ಮಿಲ್ಲಿನ ಗುರುತಾಗಿ ಡಿಸಿಎಂ ಟೌನ್‌ಶಿಪ್ ಎಂಬ ಬಡಾವಣೆಯ ಹೆಸರು ಉಳಿದಿದೆ. ಹರಿಹರದಲ್ಲಿ 1941ರಲ್ಲಿ ಆರಂಭವಾಗಿ ದೇಶಕ್ಕೆಲ್ಲ ಲೇತು ಯಂತ್ರಗಳನ್ನು ಕಳುಹಿಸಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಗೆ ಈ ಶತಮಾನದ ಆರಂಭದಲ್ಲಿ ಬೀಗ ಬಿದ್ದಿತು. ಅಪ್ಪನ ಕೆಲಸ ಮಗನಿಗೆ ಬರುತ್ತಿದ್ದ ಕಾಲ ಹೋಯಿತು. ಪದವಿ ಕಾಗದವೊಂದೇ ಈಗ ಮಗನ ಕೈಗೆ ಕೊಡಬಹುದಾದ ಆಸ್ತಿ. ಆ ಆಸ್ತಿಯ ಕರಾರು ಪತ್ರವನ್ನು ಓದಿ ಹೇಳುವವರಿಲ್ಲದೆ ಸಹಿ ಹಾಕಿಸಿಕೊಳ್ಳುವುದು ಯಾವ ನ್ಯಾಯ?

ವಿಶ್ವವಿದ್ಯಾನಿಲಯವೂ ನಮಗೆ ದೂರದ್ದಲ್ಲ. ಒಂದು ಕಾಲಕ್ಕೆ ನಮ್ಮ ಕಾಲೇಜುಗಳು ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು, 1987ರ ನಂತರ ಕುವೆಂಪು ವಿಶ್ವವಿದ್ಯಾನಿಲಯಕ್ಕೆ ಸೇರಿದವು. 2009ರಲ್ಲಿ ತೋಳಹುಣಸೆಯ ಸ್ನಾತಕೋತ್ತರ ಕೇಂದ್ರವೇ ದಾವಣಗೆರೆ ವಿಶ್ವವಿದ್ಯಾನಿಲಯವಾಯಿತು, ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಕಾಲೇಜುಗಳು ಅದರ ಕೆಳಗೆ ಬಂದವು. ಹತ್ತಿರ ಬಂದದ್ದು ಸಂತೋಷ. ಆದರೆ ಹರಿಹರದವನು ಒಂದು ಸಂಶಯ ಕೇಳಲು ಶಿವಗಂಗೋತ್ರಿಗೆ ಹೋಗಬೇಕೆಂದರೆ ದಾವಣಗೆರೆಗೆ ಒಂದು ಬಸ್ಸು, ಅಲ್ಲಿಂದ ತೋಳಹುಣಸೆಗೆ ಇನ್ನೊಂದು. ಹೋಗಿ ಬರುವುದರಲ್ಲಿ ಒಂದು ದಿನದ ಕೂಲಿ ಹೋಗುತ್ತದೆ. (ಶಕ್ತಿ ಯೋಜನೆಯ ದೆಸೆಯಿಂದ ಮಗಳಿಗೆ ಬಸ್ಸಿನ ಖರ್ಚಿಲ್ಲ. ಜೊತೆಗೆ ಹೋಗುವ ಅಪ್ಪನಿಗೆ ಇದೆ.) ಹೋದ ಮೇಲೆ ಕೈಗೆ ಬರುವ ನಿಯಮಾವಳಿ, ಪಠ್ಯಕ್ರಮಗಳ ಬಹುಭಾಗ ಇಂಗ್ಲಿಷಿನಲ್ಲಿ. ಕ್ರೆಡಿಟ್, ಕೋರ್, ಇಲೆಕ್ಟಿವ್ ಎಂಬ ಮಾತುಗಳನ್ನು ಕೇಳಿ ಆ ಮನುಷ್ಯ ತಲೆ ಕೆರೆದುಕೊಂಡು ಹಿಂದಿರುಗುತ್ತಾನೆ.

ಕಾರ್ಮಿಕ ಬಂಧುಗಳಿಗೆ ತಿಳಿದಿರುವ ಒಂದು ಹೋಲಿಕೆಯನ್ನು ಕೊಡುತ್ತೇವೆ. ಕಾರ್ಖಾನೆಯ ಸ್ಥಾಯೀ ಆದೇಶಗಳನ್ನು ಇಂಗ್ಲಿಷಿನಲ್ಲಿಯೂ, ಬಹುಪಾಲು ಕೆಲಸಗಾರರಿಗೆ ಅರ್ಥವಾಗುವ ಭಾಷೆಯಲ್ಲಿಯೂ ಬರೆದು ಗೇಟಿನ ಬಳಿ ಬೋರ್ಡಿನ ಮೇಲೆ ಅಂಟಿಸತಕ್ಕದ್ದೆಂದು 1946ರ ಕಾಯ್ದೆ ವಿಧಿಸಿತ್ತು. ಕೂಲಿಯಲ್ಲಿಯೋ ಪಾಳಿಯಲ್ಲಿಯೋ ಬದಲಾವಣೆ ಮಾಡಬೇಕಾದರೆ 21 ದಿನಗಳ ಮುಂಚಿತ ನೋಟೀಸು ಕೊಡಬೇಕೆಂದು 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಹೇಳಿತ್ತು. ಆ ಕಾಯ್ದೆಗಳು 2020ರ ಸಂಹಿತೆಯೊಳಗೆ ಸೇರಿಹೋಗಿವೆ, ಅದರ ಜಗಳ ಬೇರೆ. ಒಬ್ಬ ಖಾಸಗಿ ಮಾಲೀಕ ಪಾಳಿಯ ಹೊತ್ತನ್ನು ಒಂದು ಗಂಟೆ ಆಚೀಚೆ ಮಾಡುವುದಕ್ಕೆ ಮೂರು ವಾರದ ನೋಟೀಸು ಕೊಡಬೇಕಾಗಿದ್ದರೆ, ಸರ್ಕಾರ ಒಂದು ಮಗುವಿನ ಓದನ್ನು ಒಂದು ವರ್ಷ ಹಿಗ್ಗಿಸುವುದಕ್ಕೋ ಕುಗ್ಗಿಸುವುದಕ್ಕೋ ಎಷ್ಟು ದಿನದ ನೋಟೀಸು ಕೊಡಬೇಕು?

ಇದಕ್ಕೂ ನಿಯಮವಿದೆ ಎಂಬುದೇ ತಮಾಷೆ. ಯುಜಿಸಿಯು 2023ರ ಏಪ್ರಿಲ್‌ನಲ್ಲಿ ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣೆಯ ನಿಯಮಗಳನ್ನು ಹೊರಡಿಸಿತು. ಪ್ರವೇಶ ಆರಂಭವಾಗುವುದಕ್ಕೆ ಕನಿಷ್ಠ 60 ದಿನ ಮೊದಲೇ ಸಂಸ್ಥೆಯು ತನ್ನ ವಿವರಣ ಪತ್ರಿಕೆಯನ್ನು ಪ್ರಕಟಿಸಬೇಕು, ಅದರಲ್ಲಿ ಕೋರ್ಸುಗಳು, ಸ್ಥಾನಗಳು, ಶುಲ್ಕ, ಅರ್ಹತೆ ಎಲ್ಲವನ್ನೂ ತಿಳಿಸಬೇಕು, ದೂರು ಕೇಳಲು ಸಮಿತಿಯಿರಬೇಕು, ಅದರ ಮೇಲೆ ಓಂಬುಡ್ಸ್‌ಪರ್ಸನ್ ಒಬ್ಬರಿರಬೇಕು ಎಂದು ಅದರಲ್ಲಿದೆ. ಆದೇಶವೇ ಫಲಿತಾಂಶದ ನಂತರ ಹೊರಟ 2024ರಲ್ಲಿ 60 ದಿನ ಮುಂಚಿತವಾಗಿ ಯಾವ ಕಾಲೇಜು ಏನನ್ನು ತಾನೆ ಪ್ರಕಟಿಸಲು ಸಾಧ್ಯವಿತ್ತು? ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಗೂ ವರ ಯಾವುದೆಂದು ತಿಳಿದಿರಲಿಲ್ಲ.

ವ್ಯಾಪಾರಿ ಬಂಧುಗಳು ಒಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. ಅಂಗಡಿಯವರ ಮಕ್ಕಳು ಹೆಚ್ಚಾಗಿ ಬಿ.ಕಾಂ., ಬಿಬಿಎ, ಬಿಸಿಎ ಕಡೆ ಹೋಗುತ್ತಾರೆ. 2024-25ರಿಂದ ಬಿಬಿಎ ಮತ್ತು ಬಿಸಿಎ ಕೋರ್ಸುಗಳನ್ನು ಎಐಸಿಟಿಇ ತನ್ನ ವ್ಯಾಪ್ತಿಗೆ ತೆಗೆದುಕೊಂಡಿತು. ಅಂದರೆ ಅವುಗಳನ್ನು ನಡೆಸುವ ಕಾಲೇಜು ವಿಶ್ವವಿದ್ಯಾನಿಲಯದ ಸಂಯೋಜನೆಯ ಜೊತೆಗೆ ಆ ಮಂಡಳಿಯ ಅನುಮೋದನೆಯನ್ನೂ ಪಡೆಯಬೇಕು. ಸರಕು ತರುವಾಗ ತೂಕ ನೋಡಿ, ಬಿಲ್ಲು ನೋಡಿ ತರುವ ನಮ್ಮ ವ್ಯಾಪಾರಿಗಳು ಮಗನ ಶುಲ್ಕ ಕಟ್ಟುವಾಗ ಅನುಮೋದನೆಯ ಪತ್ರ ತೋರಿಸಿ ಎಂದು ಕೇಳಲು ಏಕೆ ಸಂಕೋಚಪಡಬೇಕು?

ಇನ್ನು ಆಗತಕ್ಕ ಕೆಲಸದ ಮಾತು. ದಾವಣಗೆರೆ ವಿಶ್ವವಿದ್ಯಾನಿಲಯದವರು ಪ್ರತಿ ವರ್ಷ ಪಿಯುಸಿ ಫಲಿತಾಂಶಕ್ಕೆ ಮೊದಲೇ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿಯನ್ನು ಅಚ್ಚುಹಾಕಿಸಲಿ. ಯಾವ ಪದವಿಗೆ ಎಷ್ಟು ವರ್ಷ, ಯಾವ ವಿಷಯಗಳ ಜೋಡಿ ಯಾವ ಕಾಲೇಜಿನಲ್ಲಿದೆ, ಯಾವ ಜೋಡಿಯಿಂದ ಬಿ.ಎಡ್.ಗೆ, ಯಾವುದರಿಂದ ಸ್ನಾತಕೋತ್ತರಕ್ಕೆ ದಾರಿ, ಹಿಂದಿನ ವರ್ಷಕ್ಕಿಂತ ಏನು ಬದಲಾಗಿದೆ, ಇಷ್ಟಿದ್ದರೆ ಸಾಕು, ಮೂವತ್ತು ಪುಟ ಮೀರುವುದಿಲ್ಲ. ಇದಕ್ಕಿಂತ ಮುಖ್ಯವಾದದ್ದು ಆ ಕೈಪಿಡಿಯನ್ನು ಓದಿ ಹೇಳಬಲ್ಲ ಮನುಷ್ಯ. ಪ್ರತಿ ಕಾಲೇಜಿನಲ್ಲಿ ಹೆಸರು ಗೊತ್ತುಮಾಡಿದ ಒಬ್ಬ ವಿದ್ಯಾರ್ಥಿ ಸಲಹೆಗಾರ ಇರಬೇಕು. ಅವನು ಸಿಕ್ಕುವ ಹೊತ್ತನ್ನು ಬಾಗಿಲ ಮೇಲೆ ಬರೆದಿರಬೇಕು. ಆ ಹೊತ್ತು ಅವನ ಕೆಲಸದ ಗಂಟೆಗಳೊಳಗೆ ಲೆಕ್ಕವಾಗಬೇಕು. ಅತಿಥಿ ಉಪನ್ಯಾಸಕರಿಗೆ ಈ ಕೆಲಸ ಒಪ್ಪಿಸಿದರೆ ಅದಕ್ಕೂ ಗೌರವಧನ ಕೊಡಬೇಕು, ಬಿಟ್ಟಿ ದುಡಿಮೆಯ ಮೇಲೆ ನಿಲ್ಲಿಸಿದ ಯಾವ ಏರ್ಪಾಡೂ ಎರಡನೆಯ ವರ್ಷ ಕಾಣದು. ನಿಯಮ ಬದಲಾದ ಕೂಡಲೆ ಈ ಸಲಹೆಗಾರರನ್ನೆಲ್ಲ ಶಿವಗಂಗೋತ್ರಿಗೆ ಕರೆಸಿ ಒಂದು ದಿನ ಕೂರಿಸಿ ವಿಶ್ವವಿದ್ಯಾನಿಲಯದವರೇ ತಿಳಿಸಿಕೊಡಬೇಕು. ಸುತ್ತೋಲೆ ಕಳುಹಿಸಿದೆವು ಎಂದು ಕೈತೊಳೆದುಕೊಳ್ಳುವುದರಿಂದ ಪ್ರಯೋಜನವಿಲ್ಲ, ಸುತ್ತೋಲೆಗಳು ಪ್ರಾಂಶುಪಾಲರ ಕೋಣೆಯ ಕಡತದಲ್ಲಿ ಸುಖವಾಗಿ ಮಲಗುತ್ತವೆ. ಪ್ರವೇಶದ ತಿಂಗಳಲ್ಲಿ ಹರಿಹರ, ಜಗಳೂರು, ಹೊನ್ನಾಳಿ, ಚನ್ನಗಿರಿಗಳಿಗೆ ವಾರಕ್ಕೊಂದು ದಿನ ವಿಶ್ವವಿದ್ಯಾನಿಲಯದ ಒಬ್ಬರು ಬಂದು ಕೂರಲಿ. ಭಾನುವಾರವಾದರೆ ಕೂಲಿ ತಪ್ಪಿಸಿಕೊಳ್ಳದೆ ತಂದೆತಾಯಿಗಳು ಬರಬಹುದು.

ಬಾಕಿ ಪತ್ರಿಕೆಗಳ ವಿಷಯ ಎಲ್ಲಕ್ಕಿಂತ ಅವಸರದ್ದು. ರಾಷ್ಟ್ರೀಯ ನೀತಿಯ ಕೊನೆಯ ತಂಡ 2023-24ರಲ್ಲಿ ಸೇರಿದ್ದು, ಅದರ ಮೂರು ವರ್ಷದ ಲೆಕ್ಕ 2026ರ ಮಧ್ಯಕ್ಕೆ ಮುಗಿಯತಕ್ಕದ್ದು. ಅವರಲ್ಲಿ ಒಂದೋ ಎರಡೋ ಪತ್ರಿಕೆಯಲ್ಲಿ ನಪಾಸಾದವರು, ನಡುವೆ ಮನೆಯ ಕಷ್ಟಕ್ಕೆ ಓದು ಬಿಟ್ಟು ಗಾರ್ಮೆಂಟಿಗೋ ಅಂಗಡಿಗೋ ಸೇರಿಕೊಂಡವರು ಎಷ್ಟೋ ಮಂದಿ ಇದ್ದಾರೆ. ಆ ಪಠ್ಯಕ್ರಮದ ಪರೀಕ್ಷೆಯನ್ನು ಎಲ್ಲಿಯವರೆಗೆ ನಡೆಸುತ್ತಾರೆ, ಅದಾದ ಮೇಲೆ ಸಮಾನ ಪತ್ರಿಕೆ ಯಾವುದು ಎಂಬುದನ್ನು ದಿನಾಂಕ ಸಹಿತ ಕನ್ನಡದಲ್ಲಿ ಪ್ರಕಟಿಸಿ, ಪ್ರತಿ ಕಾಲೇಜಿನ ನೋಟೀಸು ಬೋರ್ಡಿಗೆ ಹಚ್ಚಬೇಕು. ಕಾಲೇಜು ಬಿಟ್ಟವನು ನೋಟೀಸು ಬೋರ್ಡು ನೋಡುವುದಿಲ್ಲ. ಆದ್ದರಿಂದ ಬಸ್ ನಿಲ್ದಾಣದಲ್ಲಿ, ಎಪಿಎಂಸಿ ಯಾರ್ಡಿನಲ್ಲಿ, ಕಾರ್ಖಾನೆಗಳ ಗೇಟಿನಲ್ಲಿಯೂ ಹಚ್ಚಬೇಕು. ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ಇಷ್ಟು ಕೆಲಸಕ್ಕೆ ಕೈಜೋಡಿಸುವುದರಲ್ಲಿ ಸಂದೇಹವಿಲ್ಲ. ಬೋನಸ್ಸಿನ ಕರಪತ್ರ ಹಂಚುವ ಕೈಗೆ ಇದೇನೂ ಭಾರವಲ್ಲ.

ಇದನ್ನು ಈಗಲೇ ಹೇಳುವುದಕ್ಕೆ ಕಾರಣವಿದೆ. 2023ರ ಅಕ್ಟೋಬರಿನಲ್ಲಿ ನೇಮಕವಾದ ಪ್ರೊ. ಸುಖದೇವ್ ಥೋರಾಟ್ ಅವರ ರಾಜ್ಯ ಶಿಕ್ಷಣ ನೀತಿ ಆಯೋಗ ತನ್ನ ಅಂತಿಮ ವರದಿಯನ್ನು 2025ರ ಆಗಸ್ಟ್‌ನಲ್ಲಿ ಸರ್ಕಾರಕ್ಕೆ ಒಪ್ಪಿಸಿತು. ವರದಿಯ ಶಿಫಾರಸುಗಳಿಂದ ಪದವಿಯ ಸ್ವರೂಪ ಮತ್ತೆ ಅಷ್ಟಿಷ್ಟು ಬದಲಾದರೆ, ಹಿಂದಿನ ಎರಡು ಸಲ ಆದಂತೆ ಮಕ್ಕಳು ಪತ್ರಿಕೆ ಓದಿ ತಿಳಿಯುವ ಸ್ಥಿತಿ ಬರಬಾರದು. ಉನ್ನತ ಶಿಕ್ಷಣ ಇಲಾಖೆಯವರು ಯಾವ ಬದಲಾವಣೆಯನ್ನಾದರೂ ಮುಂದಿನ ಸಾಲಿನ ಪ್ರವೇಶಕ್ಕೆ ಆರು ತಿಂಗಳು ಮೊದಲೇ ಆದೇಶ ಮಾಡಿ ಮುಗಿಸಲಿ, ಆಗದಿದ್ದರೆ ಅದನ್ನು ಅದರ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಲಿ. ನಮ್ಮ ಜಿಲ್ಲೆಯ ಶಾಸಕರು ಪಕ್ಷಭೇದವಿಲ್ಲದೆ ಸದನದಲ್ಲಿ ಈ ಒಂದು ಪ್ರಶ್ನೆಯನ್ನು ಕೇಳಬೇಕೆಂದು ನಾವು ಒತ್ತಾಯಪಡಿಸುತ್ತೇವೆ.

ವಿಶ್ವವಿದ್ಯಾನಿಲಯದ ಕುಲಸಚಿವರು ಮೇಲೆ ಹೇಳಿದ ಕೈಪಿಡಿಯ ಒಂದು ಪ್ರತಿಯನ್ನು ನಮಗೆ ಕಳುಹಿಸಿಕೊಟ್ಟರೆ, ಜಾಹೀರಾತಿನ ದರ ಕೇಳದೆ, ವಾರಕ್ಕೆ ಎರಡು ಪುಟದಂತೆ ಅದನ್ನು ಪೂರ್ತಿಯಾಗಿ ಈ ಪತ್ರಿಕೆಯಲ್ಲಿ ಅಚ್ಚುಹಾಕಲು ಸಿದ್ಧರಿದ್ದೇವೆ. ಬಾಕಿ ಪತ್ರಿಕೆಗಳಿರುವ ವಿದ್ಯಾರ್ಥಿಗಳು ತಾವು ಸೇರಿದ ವರ್ಷ, ಕೋರ್ಸು, ಉಳಿದ ಪತ್ರಿಕೆಗಳ ಹೆಸರು ಇಷ್ಟನ್ನು ಬರೆದು ನಮ್ಮ ಕಚೇರಿಗೆ ತಲುಪಿಸಲಿ. ಎಲ್ಲವನ್ನೂ ಕೂಡಿಸಿ ತೋಳಹುಣಸೆಗೆ ನಾವೇ ಒಯ್ದು ಕೊಟ್ಟು, ಬಂದ ಉತ್ತರವನ್ನು ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.